ಯಕೃತ್ತಿನ ಕ್ಯಾನ್ಸರೂ ರಕ್ತದ ಸಾಕ್ಷ್ಯವೂ

(ಹೈದರಾಬಾದಿನಲ್ಲಿ ರಾಜ್ಯೋತ್ಸವದ ಅಂಗವಾಗಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು ನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನನಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ರಕ್ತಪರೀಕ್ಷೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ನನ್ನನ್ನು ಕರೆದು, "ನಿಮಗೆ ಗೊತ್ತಿರುವುದನ್ನೇ ಕನ್ನಡದಲ್ಲಿ ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಹೊಸ ಸಾಹಸವೇನೂ ಅಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಹೆಸರಿನ ಮಾಸಪತ್ರಿಕೆಯನ್ನೇ ಹೊರಡಿಸಿದರು. ಆ ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದಕ್ಕೆ ಪ್ರಯತ್ನಿಸುತ್ತೇನೆ.

ನಾನು ಆರಿಸಿಕೊಂಡ ವಿಷಯ ಯಕೃತ್ತಿನ ಕ್ಯಾನ್ಸರು. ಅದನ್ನು ಪತ್ತೆ ಹಚ್ಚುವುದರಲ್ಲಿ ರಕ್ತವು ನಮಗೆ ಎಷ್ಟರ ಮಟ್ಟಿಗೆ ಸಾಕ್ಷ್ಯ ನುಡಿಯುತ್ತದೆ, ಎಲ್ಲಿ ಸುಮ್ಮನಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು. ಹಬ್ಬದ ದಿನ ಇಂಥ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ರೋಗದ ಹೆಚ್ಚಿನ ಪಾಲನ್ನು ಬಾರದಂತೆ ತಡೆಯುವುದು ಸಾಧ್ಯ. ಬಂದುದನ್ನು ಬೇಗ ಕಂಡುಹಿಡಿದರೆ ಗುಣಪಡಿಸುವುದೂ ಅನೇಕ ವೇಳೆ ಸಾಧ್ಯ. ತಿಳಿದಿದ್ದರೆ ಉಳಿಯುತ್ತಿದ್ದ ಜೀವ, ತಿಳಿಯದೆ ಇದ್ದುದರಿಂದ ಹೋಯಿತು ಎಂಬಂಥ ಸಂಗತಿಗಳನ್ನು ನನ್ನ ವೃತ್ತಿಯಲ್ಲಿ ನೋಡುತ್ತಲೇ ಇದ್ದೇನೆ. ಆದಕಾರಣ ಹಬ್ಬದ ದಿನವಾದರೂ ಹೇಳುವುದೇ ಲೇಸು.

ಮೊದಲು ಯಕೃತ್ತಿನ ಪರಿಚಯ ಮಾಡಿಕೊಳ್ಳೋಣ. ಪಿತ್ತಜನಕಾಂಗವೆಂದೂ ಇದಕ್ಕೆ ಹೆಸರುಂಟು. ಈಗ ಮನೆಮನೆಯಲ್ಲಿಯೂ 'ಲಿವರ್' ಎಂದೇ ಕರೆಯುತ್ತಾರೆ. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಕುಳಿತಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಅಂಗವಿದು. ಉಂಡ ಅನ್ನದ ಸಾರವನ್ನು ಕೂಡಿಡುವುದು, ಪಿತ್ತವನ್ನು ಸುರಿಸುವುದು, ವಿಷವನ್ನು ಮುರಿಯುವುದು, ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಸಸಾರಜನಕಗಳನ್ನು, ಅಂದರೆ ಪ್ರೋಟೀನುಗಳನ್ನು, ತಯಾರಿಸುವುದು, ಇವೆಲ್ಲವೂ ಇದರ ಕೆಲಸ. ದೊಡ್ಡ ಸಂಸಾರದ ಹಿರಿಯ ಸೊಸೆಯ ಹಾಗೆ ಇದು ಎಲ್ಲರ ಕೆಲಸವನ್ನೂ ಮಾಡುತ್ತದೆ, ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಇದರ ಒಳಗಿನ ಅಂಗಾಂಶಕ್ಕೆ ನೋವಿನ ಅರಿವಿಲ್ಲ. ಮೇಲಿನ ಪೊರೆ ಹಿಗ್ಗಿದಾಗ ಮಾತ್ರ ನೋವು ತಿಳಿಯುತ್ತದೆ. ಹಾಗಾಗಿ ಒಳಗೆ ನಿಂಬೆಯ ಹಣ್ಣಿನಷ್ಟು ಗಂಟು ಬೆಳೆದಿದ್ದರೂ ಮನುಷ್ಯ ಊಟ ಮಾಡಿ, ಕಚೇರಿಗೆ ಹೋಗಿ, ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿರಬಹುದು. ಕಾಮಾಲೆ, ಜಲೋದರ, ಮೈ ಇಳಿಯುವುದು ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಬಹುಮಟ್ಟಿಗೆ ಕಾಲ ಮಿಂಚಿರುತ್ತದೆ.

2022ನೆಯ ವರ್ಷದ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 8,66,000 ಜನರಿಗೆ ಹೊಸದಾಗಿ ಈ ಕ್ಯಾನ್ಸರು ಬಂದಿತು; ಅದೇ ವರ್ಷ ಸುಮಾರು 7,58,000 ಜನ ಇದರಿಂದ ತೀರಿಕೊಂಡರು. ಬಂದವರ ಸಂಖ್ಯೆಗೂ ಹೋದವರ ಸಂಖ್ಯೆಗೂ ಇರುವ ಅಂತರ ಎಷ್ಟು ಕಡಮೆ ಎಂಬುದನ್ನು ಗಮನಿಸಬೇಕು. ಕ್ಯಾನ್ಸರಿನ ಮರಣಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ. ರೋಗವೇ ಅಷ್ಟು ಕ್ರೂರವೆಂಬುದು ಇದಕ್ಕೆ ಒಂದು ಕಾರಣ. ನಾವು ತಡವಾಗಿ ಕಾಣುತ್ತೇವೆ ಎಂಬುದು ಇನ್ನೊಂದು. ಅದು ಮೊದಲನೆಯದಕ್ಕಿಂತ ಸಣ್ಣ ಕಾರಣವಲ್ಲ.

ತಡವಾಗಿ ಕಾಣುವುದಕ್ಕೂ ಬೇಗ ಕಾಣುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಇಟಲಿಯ ಮಿಲಾನ್ ನಗರದ ಮಾಜಾಫೆರೋ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ 1996ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಗಂಟು ಒಂದೇ ಆಗಿದ್ದು 5 ಸೆಂಟಿಮೀಟರಿಗೆ ಮೀರದಿದ್ದರೆ, ಅಥವಾ ಮೂರರವರೆಗೆ ಇದ್ದು ಒಂದೊಂದೂ 3 ಸೆಂಟಿಮೀಟರಿಗೆ ಮೀರದಿದ್ದರೆ, ಅಂಥ ರೋಗಿಗಳಿಗೆ ಅವರು ಯಕೃತ್ತನ್ನೇ ಬದಲಾಯಿಸಿದರು. ನಾಲ್ಕು ವರ್ಷಗಳ ಬಳಿಕ ನೂರಕ್ಕೆ 75 ಜನ ಬದುಕಿದ್ದರು. ಗಂಟು ಚಿಕ್ಕದಾಗಿರುವಾಗ ಅದನ್ನು ಕತ್ತರಿಸಿ ತೆಗೆಯುವುದೂ, ಸೂಜಿಯ ಮೂಲಕ ಕಾವು ಕೊಟ್ಟು ಸುಡುವುದೂ ಸಾಧ್ಯ. ದೊಡ್ಡದಾಗಿ ರಕ್ತನಾಳದೊಳಕ್ಕೆ ಇಳಿದಮೇಲೆ ಔಷಧಿಗಳಿಂದ ಕಾಲವನ್ನು ತುಸು ಮುಂದೂಡಬಹುದಾದರೂ ಬೇರುಸಹಿತ ಕೀಳುವುದು ಅಪರೂಪ.

ಹಾಗಾದರೆ ಮುಂಚೆಯೇ ತಿಳಿಯುವ ಉಪಾಯವೇನು? ಇಲ್ಲಿಗೆ ರಕ್ತದ ಕಥೆ ಬರುತ್ತದೆ.

ತಾಯಿಯ ಗರ್ಭದಲ್ಲಿರುವ ಶಿಶುವಿನ ರಕ್ತದಲ್ಲಿ ದೊಡ್ಡವರ ರಕ್ತದಲ್ಲಿ ಕಾಣದ ಒಂದು ಪ್ರೋಟೀನು ಇದೆಯೆಂಬುದನ್ನು ಸ್ವೀಡನ್ನಿನ ಬೆರ್ಗ್‌ಸ್ಟ್ರಾಂಡ್ ಮತ್ತು ಜಾರ್ ಎಂಬ ಇಬ್ಬರು 1956ರಲ್ಲಿ ಕಂಡರು. ಅದೇ ನಮ್ಮ ರಾಜ್ಯವು ರೂಪುಗೊಂಡ ವರ್ಷ; ನೆನಪಿಟ್ಟುಕೊಳ್ಳುವುದು ಸುಲಭ. ಆ ಪ್ರೋಟೀನಿಗೆ ಮುಂದೆ ಆಲ್ಫಾ ಫೀಟೋಪ್ರೋಟೀನ್ ಎಂದು ಹೆಸರಾಯಿತು. ಎ.ಎಫ್.ಪಿ. ಎಂದು ಚಿಕ್ಕದಾಗಿ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಭ್ರೂಣದ ಯಕೃತ್ತು ಇದನ್ನು ಹೇರಳವಾಗಿ ತಯಾರಿಸುತ್ತದೆ. ಮಗು ಹುಟ್ಟಿದ ಮೇಲೆ ಈ ತಯಾರಿಕೆ ಇಳಿಮುಖವಾಗಿ, ಸುಮಾರು ಒಂದು ವರ್ಷ ತುಂಬುವ ಹೊತ್ತಿಗೆ ಬಹುತೇಕ ನಿಂತೇ ಹೋಗುತ್ತದೆ. ಅದರ ಸ್ಥಾನದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ರಕ್ತದ ಮುಖ್ಯ ಪ್ರೋಟೀನಾಗಿ ಉಳಿಯುತ್ತದೆ.

ಮುಂದೆ 1963ರಲ್ಲಿ ಮಾಸ್ಕೋ ನಗರದಲ್ಲಿ ಗಾರಿ ಅಬೆಲೆವ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರನ್ನು ಬೆಳೆಸಿ ನೋಡುತ್ತಿದ್ದರು. ಭ್ರೂಣದಲ್ಲಿ ಮಾತ್ರ ಇರಬೇಕಾದ ಆ ಪ್ರೋಟೀನು ಕ್ಯಾನ್ಸರು ಹತ್ತಿದ, ವಯಸ್ಸಿಗೆ ಬಂದ ಇಲಿಗಳ ರಕ್ತದಲ್ಲಿ ಅವರಿಗೆ ಸಿಕ್ಕಿತು. ಮರು ವರ್ಷವೇ, 1964ರಲ್ಲಿ, ವೋಲ್ಗಾ ನದಿಯ ದಡದ ಅಸ್ತ್ರಾಖಾನ್ ಊರಿನಲ್ಲಿ ಯೂರಿ ತತಾರಿನೋವ್ ಎಂಬುವರು ಯಕೃತ್ತಿನ ಕ್ಯಾನ್ಸರಿನಿಂದ ನರಳುತ್ತಿದ್ದ ಮನುಷ್ಯರ ರಕ್ತದಲ್ಲಿಯೂ ಅದನ್ನು ಕಂಡರು. ರೋಗಿಯ ಹೊಟ್ಟೆಯನ್ನು ತೆರೆಯದೆ, ತೋಳಿನ ರಕ್ತದಿಂದಲೇ ಒಂದು ಕ್ಯಾನ್ಸರಿನ ಸುಳಿವನ್ನು ಹಿಡಿಯಬಹುದೆಂಬುದು ಆಗ ವೈದ್ಯಲೋಕವನ್ನು ಬೆರಗುಗೊಳಿಸಿದ ಸಂಗತಿ.

ಇದು ಹೇಗಾಗುತ್ತದೆ ಎಂದರೆ, ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಹುಟ್ಟಿನಿಂದ ಕೊನೆಯವರೆಗೆ ಬೇಕಾಗುವ ಎಲ್ಲ ಪಾಠಗಳೂ ಬರೆದಿರುತ್ತವೆ. ಬೆಳೆದಂತೆಲ್ಲ ಶೈಶವದ ಪುಟಗಳನ್ನು ಕೋಶವು ಮಡಿಚಿಡುತ್ತದೆ. ಕ್ಯಾನ್ಸರಾಗಿ ಕೆಟ್ಟ ಕೋಶವು ಆ ಮಡಿಚಿಟ್ಟ ಪುಟವನ್ನು ಮತ್ತೆ ತೆರೆದು ಓದತೊಡಗುತ್ತದೆ. ಅರವತ್ತು ದಾಟಿದವನು ಇದ್ದಕ್ಕಿದ್ದಂತೆ ತೊಟ್ಟಿಲ ಮಗುವಿನ ತೊದಲು ಮಾತನಾಡಿದರೆ ಮನೆಯವರಿಗೆ ಅನುಮಾನ ಬರುವುದಿಲ್ಲವೇ? ರಕ್ತದಲ್ಲಿ ಎ.ಎಫ್.ಪಿ. ಏರಿದಾಗ ವೈದ್ಯನಿಗೆ ಬರುವ ಅನುಮಾನವೂ ಅಂಥದೇ.

ಆರಂಭದ ಪರೀಕ್ಷೆಗಳು ಬಹಳ ಮೊಂಡಾಗಿದ್ದವು. ಪ್ರೋಟೀನು ರಾಶಿಯಾಗಿದ್ದರೆ ಮಾತ್ರ ತೋರುತ್ತಿತ್ತು. 1971ರಲ್ಲಿ ಫಿನ್ಲೆಂಡಿನ ರುವೊಸ್ಲಾತಿ ಮತ್ತು ಸೆಪ್ಪಾಲಾ ಅವರು ವಿಕಿರಣದ ನೆರವಿನಿಂದ ಅತಿ ಸೂಕ್ಷ್ಮವಾಗಿ ಅಳೆಯುವ ಕ್ರಮವನ್ನು ತಂದರು. ಆಗ ಆರೋಗ್ಯವಂತರ ರಕ್ತದಲ್ಲಿಯೂ ಇದು ಎಳ್ಳಿನ ಮೊನೆಯಷ್ಟು ಇದೆಯೆಂದು ತಿಳಿಯಿತು. ಈಗ ಲೆಕ್ಕ ಕೊಡುವುದು ಒಂದು ಮಿಲಿಲೀಟರು ರಕ್ತಕ್ಕೆ ಇಷ್ಟು ನ್ಯಾನೋಗ್ರಾಂ ಎಂದು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 10ಕ್ಕಿಂತ ಕೆಳಗಿರುತ್ತದೆ. ಅಪಾಯವುಳ್ಳವರಲ್ಲಿ 20 ದಾಟಿದರೆ ಹೆಚ್ಚಿನ ಪರೀಕ್ಷೆ ಬೇಕು. 400 ದಾಟಿದರೆ ಸಂಶಯ ಬಲವಾಗುತ್ತದೆ.

ಇಷ್ಟು ಕೇಳಿದ ಕೂಡಲೇ, "ಹಾಗಾದರೆ ನಾಳೆಯೇ ಎಲ್ಲರೂ ಹೋಗಿ ಪರೀಕ್ಷೆ ಮಾಡಿಸಿಬಿಡೋಣ" ಎಂಬ ಉತ್ಸಾಹ ಬರುವುದು ಸಹಜ. ಸ್ವಲ್ಪ ತಾಳಬೇಕು. ಈ ಸಾಕ್ಷಿಯು ಸತ್ಯಹರಿಶ್ಚಂದ್ರನಲ್ಲ. ಎ.ಎಫ್.ಪಿ. ಏರುವುದಕ್ಕೆ ಕ್ಯಾನ್ಸರೇ ಆಗಬೇಕೆಂದಿಲ್ಲ. ಗರ್ಭಿಣಿಯರಲ್ಲಿ ಅದು ಸಹಜವಾಗಿಯೇ ಏರುತ್ತದೆ. ಹೆಪಟೈಟಿಸ್ ಎಂಬ ಯಕೃತ್ತಿನ ಉರಿಯೂತ ಕೆರಳಿದಾಗಲೂ ಏರುತ್ತದೆ. ಸತ್ತ ಕೋಶಗಳ ಸ್ಥಾನದಲ್ಲಿ ಹೊಸ ಕೋಶಗಳು ಹುಟ್ಟುವ ಸಂಭ್ರಮ ಅದು. ವೃಷಣದ ಮತ್ತು ಅಂಡಾಶಯದ ಕೆಲವು ಗಂಟುಗಳಲ್ಲಿಯೂ ಏರುತ್ತದೆ. ಇದು ಒಂದು ಕಡೆ. ಇನ್ನೊಂದು ಕಡೆ, ಯಕೃತ್ತಿನ ಕ್ಯಾನ್ಸರು ಇದ್ದೂ ಎ.ಎಫ್.ಪಿ. ಏರದವರು ಮೂವರಲ್ಲಿ ಒಬ್ಬರಾದರೂ ಇರುತ್ತಾರೆ. ಗಂಟು ಚಿಕ್ಕದಾಗಿರುವಾಗ ಇಂಥವರ ಸಂಖ್ಯೆ ಇನ್ನೂ ಹೆಚ್ಚು.

ಇದನ್ನು ಒಂದು ಮನೆಲೆಕ್ಕದಿಂದ ತೋರಿಸುತ್ತೇನೆ. ಯಕೃತ್ತು ಗಡಸಾಗಿ ಗಂಟುಗಂಟಾಗುವ ಸಿರೋಸಿಸ್ ಎಂಬ ರೋಗವಿದೆಯಲ್ಲ, ಅದಿರುವ ಸಾವಿರ ಜನರನ್ನು ಪರೀಕ್ಷಿಸುತ್ತೇವೆಂದು ಇಟ್ಟುಕೊಳ್ಳಿ. ಅವರಲ್ಲಿ 30 ಜನಕ್ಕೆ ಕ್ಯಾನ್ಸರು ಇದೆಯೆನ್ನೋಣ. ಪರೀಕ್ಷೆಯು ಕ್ಯಾನ್ಸರಿದ್ದವರಲ್ಲಿ ನೂರಕ್ಕೆ 60 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಜನರನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂದು ಭಾವಿಸೋಣ. ಈ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವಾದರೂ ನಿಜಸ್ಥಿತಿಗೆ ದೂರವಾದುವಲ್ಲ. ಆಗ 30ರಲ್ಲಿ 18 ಜನ ಸಿಕ್ಕುತ್ತಾರೆ, 12 ಜನ ತಪ್ಪಿಸಿಕೊಳ್ಳುತ್ತಾರೆ. ಕ್ಯಾನ್ಸರಿಲ್ಲದ 970 ಜನರಲ್ಲಿ 97 ಜನರಿಗೆ ಸುಮ್ಮಸುಮ್ಮನೆ "ಅನುಮಾನವಿದೆ" ಎಂಬ ಚೀಟಿ ಹೋಗುತ್ತದೆ. ಒಟ್ಟು 115 ಚೀಟಿಗಳಲ್ಲಿ ನಿಜವಾದವು 18, ಅಂದರೆ ಸುಮಾರು ಆರರಲ್ಲಿ ಒಂದು. ಅಪಾಯ ಹೆಚ್ಚಾಗಿರುವವರಲ್ಲಿಯೇ ಹೀಗೆ. ಯಾವ ರೋಗವೂ ಇಲ್ಲದ ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ನಿಜವಾದ ಚೀಟಿ ಒಂದಾದರೂ ಇರುವುದೋ ಇಲ್ಲವೋ. ಭಯವನ್ನು ಮಾತ್ರ ಹಂಚಿದಂತಾಗುತ್ತದೆ.

ಈಗ ಹಬ್ಬಕ್ಕೊಂದು ರಿಯಾಯತಿಯೆಂದು ಹತ್ತಾರು ರಕ್ತಪರೀಕ್ಷೆಗಳನ್ನು ಕಟ್ಟು ಕಟ್ಟಿ ಮಾರುವುದು ಪೇಟೆಯ ಪದ್ಧತಿಯಾಗಿದೆ. ಅದರಲ್ಲಿ 'ಟ್ಯೂಮರ್ ಮಾರ್ಕರ್' ಎಂಬ ಸಾಲೂ ಒಂದಿರುತ್ತದೆ. ಯಾವ ಅಪಾಯವೂ ಇಲ್ಲದವರು ಅದಕ್ಕೆ ಹಣ ಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಅದರಲ್ಲಿ ಬಂದ 'ನಾರ್ಮಲ್' ಎಂಬ ಮಾತನ್ನು ನಂಬಿ ನಿಜವಾದ ಅಪಾಯವಿರುವವರು ಸುಮ್ಮನೆ ಕುಳಿತರೆ ಅದು ಇನ್ನೂ ಕೆಟ್ಟದ್ದು.

ಒಬ್ಬ ಸಾಕ್ಷಿ ಸಾಲದೆ ಹೋದರೆ ನ್ಯಾಯಾಲಯವು ಇನ್ನೊಬ್ಬನನ್ನು ಕರೆಯುತ್ತದೆ. ವೈದ್ಯರೂ ಹಾಗೆಯೇ ಮಾಡಿದರು. ಎ.ಎಫ್.ಪಿ. ಅಣುವಿಗೆ ಸಕ್ಕರೆಯ ಸಣ್ಣ ಸರಪಣಿಯೊಂದು ಅಂಟಿಕೊಂಡಿರುತ್ತದೆ. ಕ್ಯಾನ್ಸರಿನ ಕೋಶ ತಯಾರಿಸಿದ ಎ.ಎಫ್.ಪಿ.ಯಲ್ಲಿ ಈ ಸರಪಣಿಯ ರೂಪ ತುಸು ಬೇರೆ. ಅದನ್ನು ಗುರುತಿಸುವುದಕ್ಕೆ ಬಳಸಿದ ವಸ್ತು ಯಾವುದು ಬಲ್ಲಿರಾ? ನಮ್ಮ ಅಡಿಗೆಮನೆಯ ಚನ್ನಂಗಿ ಬೇಳೆ, ಈ ಊರಿನವರು ಮಸೂರ್ ದಾಲ್ ಎನ್ನುವುದು, ಅದರಿಂದ ತೆಗೆದ ಒಂದು ಪ್ರೋಟೀನು. ಅದು ಈ ಬಗೆಯ ಸಕ್ಕರೆಯ ಸರಪಣಿಯನ್ನೇ ಆರಿಸಿ ಹಿಡಿದುಕೊಳ್ಳುತ್ತದೆ. ಹೀಗೆ ಬೇಳೆಯ ಪ್ರೋಟೀನಿಗೆ ಸಿಕ್ಕುವ ಪಾಲಿಗೆ ಎ.ಎಫ್.ಪಿ. ಎಲ್-3 ಎಂದು ಹೆಸರು. ಒಟ್ಟು ಎ.ಎಫ್.ಪಿ.ಯಲ್ಲಿ ಈ ಪಾಲು ನೂರಕ್ಕೆ 10ನ್ನು ಮೀರಿದರೆ ಅನುಮಾನಕ್ಕೆ ಕಾರಣವಿದೆ. ಉರಿಯೂತದಿಂದ ಏರಿದ್ದು ಯಾವುದು, ಕ್ಯಾನ್ಸರಿನಿಂದ ಏರಿದ್ದು ಯಾವುದು ಎಂದು ಬಿಡಿಸಿ ನೋಡುವುದಕ್ಕೆ ಇದರಿಂದ ಸಹಾಯವಾಗುತ್ತದೆ. ಬೇಳೆಯನ್ನು ಉಂಡರೆ ಕ್ಯಾನ್ಸರು ತಿಳಿಯುತ್ತದೆಂದಾಗಲಿ ವಾಸಿಯಾಗುತ್ತದೆಂದಾಗಲಿ ಯಾರೂ ಅರ್ಥಮಾಡಿಕೊಳ್ಳಬಾರದು; ಇದು ಪ್ರಯೋಗಶಾಲೆಯ ಗಾಜಿನ ಕೊಳವೆಯ ಮಾತು.

ಮೂರನೆಯ ಸಾಕ್ಷಿಯನ್ನು ಲೀಬ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ 1984ರಲ್ಲಿ ಕರೆತಂದರು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೆ ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಬೇಕು. ಯಕೃತ್ತು ಅದನ್ನು ತಯಾರಿಸಿ, ಕೊನೆಯಲ್ಲಿ 'ಕೆ' ಜೀವಸತ್ವದ ನೆರವಿನಿಂದ ಅದರ ಮೇಲೆ ಒಂದು ಬಗೆಯ ಮೊಹರನ್ನು ಒತ್ತಿ ಹೊರಕ್ಕೆ ಕಳುಹಿಸುತ್ತದೆ. ಕ್ಯಾನ್ಸರಿನ ಕೋಶವು ಈ ಕೆಲಸವನ್ನು ಪೂರೈಸದೆ, ಮೊಹರು ಬೀಳದ ದಸ್ತಾವೇಜನ್ನೇ ರಕ್ತಕ್ಕೆ ಬಿಡುತ್ತದೆ. ಇದನ್ನು ಡಿ.ಸಿ.ಪಿ. ಎಂದೂ ಪಿವ್ಕಾ-2 ಎಂದೂ ಕರೆಯುತ್ತಾರೆ. ಎ.ಎಫ್.ಪಿ. ಏರದ ಕೆಲವರಲ್ಲಿ ಇದು ಏರುತ್ತದೆ. ಆದ್ದರಿಂದ ಇಬ್ಬರೂ ಸೇರಿದರೆ ಒಬ್ಬರಿಗಿಂತ ಹೆಚ್ಚು ರೋಗಿಗಳು ಸಿಕ್ಕುತ್ತಾರೆ. ಇದಕ್ಕೂ ತನ್ನ ದೋಷವುಂಟು. 'ಕೆ' ಜೀವಸತ್ವದ ಕೊರತೆಯಿದ್ದವರಲ್ಲಿ, ಪಿತ್ತದ ನಾಳ ಕಟ್ಟಿಕೊಂಡವರಲ್ಲಿ, ಹೃದ್ರೋಗಕ್ಕಾಗಿ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಕ್ಯಾನ್ಸರಿಲ್ಲದೆಯೂ ಇದು ಏರುತ್ತದೆ. ಆ ಮಾತ್ರೆಯನ್ನು ತೆಗೆದುಕೊಳ್ಳುವವರು ಪರೀಕ್ಷೆಗೆ ಮುಂಚೆಯೇ ವೈದ್ಯರಿಗೆ ಹೇಳಬೇಕು.

ಜಪಾನಿನ ವೈದ್ಯರು ಈ ಮೂವರನ್ನೂ ಬಹುಕಾಲದಿಂದ ಬಳಸುತ್ತಿದ್ದಾರೆ. ಇಂಗ್ಲೆಂಡಿನ ಫಿಲಿಪ್ ಜಾನ್ಸನ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಮೂರು ಅಳತೆಗಳಿಗೆ ರೋಗಿಯ ವಯಸ್ಸನ್ನೂ ಗಂಡೋ ಹೆಣ್ಣೋ ಎಂಬುದನ್ನೂ ಸೇರಿಸಿ ಒಂದು ಸೂತ್ರವನ್ನು ಕಟ್ಟಿದರು. ವಯಸ್ಸಾದಂತೆಲ್ಲ ಅಪಾಯ ಹೆಚ್ಚು, ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು ಎಂಬುದು ತಿಳಿದ ವಿಷಯವೇ. ಈ ಸೂತ್ರಕ್ಕೆ ಗ್ಯಾಲಡ್ ಎಂದು ಹೆಸರು. ಒಂಟಿ ಎ.ಎಫ್.ಪಿ.ಗಿಂತ ಇದರ ತೀರ್ಪು ಉತ್ತಮವೆಂದು ಕಂಡುಬಂದಿದೆ. ಕ್ಯಾನ್ಸರಿನ ಕೋಶಗಳು ಸತ್ತಾಗ ರಕ್ತಕ್ಕೆ ಬೀಳುವ ಡಿ.ಎನ್.ಎ. ಚೂರುಗಳನ್ನು ಹುಡುಕಿ, ಅವುಗಳ ಮೇಲಿನ ರಾಸಾಯನಿಕ ಗುರುತುಗಳನ್ನು ಓದುವ ಪರೀಕ್ಷೆಗಳೂ ಈಚೆಗೆ ಹುಟ್ಟಿಕೊಂಡಿವೆ. ಅವುಗಳಿಂದ ಬಹಳ ನಿರೀಕ್ಷೆಯಿದೆ. ಆದರೆ ನಿರೀಕ್ಷೆಯೇ ಬೇರೆ, ಸಿದ್ಧಿಯೇ ಬೇರೆ. ಹೊಸ ಪರೀಕ್ಷೆಯಿಂದ ನಿಜವಾಗಿ ಆಯುಸ್ಸು ಹೆಚ್ಚಿತೇ ಎಂಬುದನ್ನು ವರ್ಷಾನುಗಟ್ಟಲೆ ನೋಡಿಯೇ ತೀರ್ಮಾನಿಸಬೇಕು.

ರಕ್ತದ ಸಾಕ್ಷ್ಯಕ್ಕೆ ಒಳ್ಳೆಯ ಜೊತೆಗಾರನೊಬ್ಬನಿದ್ದಾನೆ. ಅವನೇ ಅಲ್ಟ್ರಾಸೌಂಡ್, ನಾವು 'ಸ್ಕ್ಯಾನಿಂಗ್' ಎನ್ನುವುದು. ಶಬ್ದದ ಅಲೆಗಳಿಂದ ಹೊಟ್ಟೆಯೊಳಗಿನ ಚಿತ್ರವನ್ನು ತೋರಿಸುವ ಈ ಯಂತ್ರಕ್ಕೆ ಸೂಜಿಯಿಲ್ಲ, ವಿಕಿರಣವಿಲ್ಲ. ಅನೇಕ ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಂತೆ, ಸಿರೋಸಿಸ್ ಇರುವವರಲ್ಲಿ ಆರಂಭದ ಹಂತದ ಕ್ಯಾನ್ಸರನ್ನು ಸ್ಕ್ಯಾನಿಂಗ್ ಒಂದೇ ನೂರಕ್ಕೆ 45ರಷ್ಟು ಹಿಡಿದರೆ, ಎ.ಎಫ್.ಪಿ. ಜೊತೆಗೂಡಿದಾಗ ನೂರಕ್ಕೆ 63ರಷ್ಟು ಹಿಡಿಯುತ್ತದೆ. ಕುರುಡನ ಹೆಗಲ ಮೇಲೆ ಕುಂಟನು ಕುಳಿತು ದಾರಿ ನಡೆದ ಕಥೆಯನ್ನು ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದ್ದೇವೆ. ಇದು ಆ ಬಗೆಯ ಸ್ನೇಹ. ಎರಡರಲ್ಲಿ ಒಂದಕ್ಕೆ ಅನುಮಾನ ಬಂದರೆ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ ತೆಗೆಸಿ, ಬಣ್ಣದ ಔಷಧಿಯು ಗಂಟಿನೊಳಕ್ಕೆ ಹೇಗೆ ನುಗ್ಗಿ ಹೇಗೆ ಇಳಿಯುತ್ತದೆ ಎಂಬುದನ್ನು ನೋಡಿ ತೀರ್ಮಾನ ಮಾಡುತ್ತಾರೆ. ರಕ್ತದ ಚೀಟಿ ಅನುಮಾನವನ್ನು ಹೇಳುತ್ತದೆ, ತೀರ್ಪನ್ನು ಹೇಳುವುದಿಲ್ಲ.

ಇದರಿಂದ ನಿಜವಾಗಿ ಜೀವ ಉಳಿಯುತ್ತದೆಯೇ? ಚೀನಾದ ಶಾಂಘಾಯ್ ನಗರದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 35ರಿಂದ 59 ವರ್ಷದೊಳಗಿನ, ಹೆಪಟೈಟಿಸ್-ಬಿ ಸೋಂಕಿದ್ದ ಅಥವಾ ಹಳೆಯ ಹೆಪಟೈಟಿಸಿನ ಇತಿಹಾಸವಿದ್ದ 18,816 ಜನರನ್ನು ಆರಿಸಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಎ.ಎಫ್.ಪಿ.ಯನ್ನೂ ಅಲ್ಟ್ರಾಸೌಂಡನ್ನೂ ಮಾಡಿದರು; ಇನ್ನೊಂದು ಗುಂಪನ್ನು ಎಂದಿನಂತೆ ಬಿಟ್ಟರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ಈ ಕ್ಯಾನ್ಸರಿನ ಮರಣಗಳು ನೂರಕ್ಕೆ 37ರಷ್ಟು ಕಡಮೆಯಾದವು. ಗಮನಿಸಬೇಕಾದುದೇನೆಂದರೆ, ಕರೆದವರಲ್ಲಿ ನಿಗದಿಯಾದ ಪರೀಕ್ಷೆಗಳಿಗೆ ಬಂದುದು ನೂರಕ್ಕೆ 60ಕ್ಕಿಂತಲೂ ಕಡಮೆ. ಅಷ್ಟಕ್ಕೇ ಇಷ್ಟು ಲಾಭ. ಆರು ತಿಂಗಳೇ ಏಕೆ ಎಂದರೆ, ಈ ಗಂಟುಗಳು ಇಮ್ಮಡಿಯಾಗುವುದಕ್ಕೆ ಸರಾಸರಿಯಲ್ಲಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ವರ್ಷಕ್ಕೊಮ್ಮೆ ನೋಡಿದರೆ ಅಷ್ಟರಲ್ಲಿ ಅದು ಕೈಮೀರಿರಬಹುದು.

ಈ ಆರು ತಿಂಗಳ ಮಾತು ಎಷ್ಟು ಮುಖ್ಯವೆಂಬುದಕ್ಕೆ ನಾನು ಬಲ್ಲ ಒಂದು ಸಂಗತಿಯನ್ನು, ಹೆಸರು ಊರುಗಳನ್ನು ಬಿಟ್ಟು, ಹೇಳುತ್ತೇನೆ. ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು. ರಕ್ತದಾನ ಮಾಡುವುದಕ್ಕೆ ಹೋದಾಗ ಹೆಪಟೈಟಿಸ್-ಬಿ ಇದೆಯೆಂದು ತಿಳಿಯಿತು. ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದರು. ನಾಲ್ಕು ಸಲ ರಿಪೋರ್ಟು ಚೆನ್ನಾಗಿಯೇ ಬಂದಿತು. ಐದನೆಯ ಸಲ ಮಗಳ ಮದುವೆ. ಆರನೆಯ ಸಲ, "ನಾಲ್ಕು ಸಲ ಏನೂ ಇಲ್ಲವೆಂದಮೇಲೆ ಇನ್ನೇನು ಬರುತ್ತದೆ?" ಎಂದು ಬಿಟ್ಟರು. ಮೈಯಲ್ಲಿ ನೋವಿಲ್ಲ, ಹಸಿವಿಗೆ ಕೊರತೆಯಿಲ್ಲ. ಅವರ ಹೆಂಡತಿ ಎರಡು ಮೂರು ಸಲ ಜ್ಞಾಪಿಸಿದರಂತೆ. "ಸುಮ್ಮನಿರೇ, ಚೆನ್ನಾಗಿರುವವನನ್ನು ರೋಗಿ ಮಾಡಬೇಡ" ಎಂದು ಗದರಿಸಿದರಂತೆ. ಎರಡು ವರ್ಷ ಕಳೆದ ಮೇಲೆ ಪಕ್ಕೆಯಲ್ಲಿ ಭಾರವೆನ್ನಿಸಿ ಬಂದಾಗ ಗಂಟು 9 ಸೆಂಟಿಮೀಟರು ಆಗಿತ್ತು. ಆ ತಾಯಿ ನನ್ನ ಮೇಜಿನ ಮುಂದೆ ಹಳೆಯ ನಾಲ್ಕು ರಿಪೋರ್ಟುಗಳನ್ನು ಒಂದರ ಪಕ್ಕ ಒಂದು ಹರಡಿ, "ಇದರಲ್ಲಿ ಎಲ್ಲಾದರೂ ಬರೆದಿತ್ತೇ, ಸ್ವಾಮಿ?" ಎಂದು ಕೇಳಿದರು. ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾಗಿದ್ದುದು ಅವರು ಬಾರದೆ ಹೋದ ದಿನಗಳ ರಿಪೋರ್ಟುಗಳಲ್ಲಿ. ನಿನ್ನೆಯ 'ನಾರ್ಮಲ್' ನಾಳೆಗೆ ಸಲ್ಲುವ ನಾಣ್ಯವಲ್ಲ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಹಾಗಾದರೆ ಈ ಪರೀಕ್ಷೆ ಯಾರಿಗೆ ಬೇಕು? ಕಾರಣ ಯಾವುದೇ ಆಗಿರಲಿ, ಸಿರೋಸಿಸ್ ಇರುವವರೆಲ್ಲರಿಗೂ ಬೇಕು. ಅದು ಮದ್ಯದಿಂದ ಬಂದಿರಬಹುದು, ಹೆಪಟೈಟಿಸ್-ಬಿ ಅಥವಾ ಸಿ ವೈರಸ್ಸಿನಿಂದ ಬಂದಿರಬಹುದು, ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳ ಜೊತೆಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬಂದಿರಬಹುದು. ಹೆಪಟೈಟಿಸ್-ಬಿ ಇರುವವರಲ್ಲಿ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರು ಹುಟ್ಟಬಹುದಾದ್ದರಿಂದ, ಅವರು ತಮಗೆ ಎಂದಿನಿಂದ ಬೇಕೆಂಬುದನ್ನು ವೈದ್ಯರನ್ನು ಕೇಳಿ ತಿಳಿಯಬೇಕು. ಹೆಪಟೈಟಿಸ್-ಸಿ ವೈರಸ್ಸನ್ನು ಈಗ ಸುಮಾರು ಹನ್ನೆರಡು ವಾರದ ಮಾತ್ರೆಗಳಿಂದ ನೂರಕ್ಕೆ 90ಕ್ಕೂ ಹೆಚ್ಚು ಜನರಲ್ಲಿ ತೊಡೆದುಹಾಕಬಹುದು; ಆದರೆ ಅಷ್ಟರಲ್ಲಿ ಸಿರೋಸಿಸ್ ಬಂದಿದ್ದರೆ, ವೈರಸ್ಸು ಹೋದಮೇಲೂ ಆರು ತಿಂಗಳ ಪರೀಕ್ಷೆಯನ್ನು ಬಿಡಕೂಡದು. 2018ರ ಜುಲೈ 28ರಂದು ಭಾರತ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಎರಡು ವೈರಸ್ಸುಗಳ ಪರೀಕ್ಷೆಯನ್ನೂ ಔಷಧಿಯನ್ನೂ ಉಚಿತವಾಗಿ ಕೊಡುವ ಏರ್ಪಾಡಿದೆ. ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ.

ಪತ್ತೆಗಿಂತ ತಡೆಯೇ ಮೇಲು. ಈ ವಿಷಯದಲ್ಲಿ ನಾವು ಅನ್ನ ಉಣ್ಣುತ್ತಿರುವ ಈ ಹೈದರಾಬಾದಿಗೆ ಎರಡು ಕಾರಣಗಳಿಂದ ನಾವು ಋಣಿಗಳು.

ಮೊದಲನೆಯದು ಲಸಿಕೆ. ಬರೂಕ್ ಬ್ಲುಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಹೆಪಟೈಟಿಸ್-ಬಿ ವೈರಸ್ಸಿನ ಮೇಲ್ಮೈ ಪ್ರೋಟೀನನ್ನು ಕಂಡುಹಿಡಿದು, 1976ರಲ್ಲಿ ನೊಬೆಲ್ ಬಹುಮಾನ ಪಡೆದರು. ಆ ಪ್ರೋಟೀನಿನಿಂದಲೇ ಲಸಿಕೆ ಹುಟ್ಟಿತು. ಟೈವಾನ್ ದೇಶದಲ್ಲಿ 1984ರಿಂದ ಕೂಸುಗಳಿಗೆ ಅದನ್ನು ಹಾಕತೊಡಗಿದರು. 6ರಿಂದ 14 ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 0.70ರಷ್ಟಿದ್ದ ಯಕೃತ್ತಿನ ಕ್ಯಾನ್ಸರು 1990ರಿಂದ 1994ರ ಅವಧಿಗೆ 0.36ಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದೆಂಬುದು ಲೋಕಕ್ಕೆ ಹೀಗೆ ಸಿದ್ಧವಾಯಿತು. ಆದರೆ ಹೊರದೇಶದ ಆ ಲಸಿಕೆಯನ್ನು ಕೊಳ್ಳುವುದು ನಮ್ಮಲ್ಲಿ ಬಡವರಿಗೆ ಕನಸಿನ ಮಾತಾಗಿತ್ತು. 1997ರಲ್ಲಿ ಇದೇ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಎಂಬ ಸಂಸ್ಥೆ, ವರಪ್ರಸಾದ ರೆಡ್ಡಿಯವರ ನೇತೃತ್ವದಲ್ಲಿ, ಈ ಲಸಿಕೆಯನ್ನು ದೇಶದಲ್ಲಿಯೇ ತಯಾರಿಸಿ ಅಗ್ಗದ ಬೆಲೆಗೆ ಹೊರತಂದಿತು. 2011ರಿಂದೀಚೆಗೆ ಸರ್ಕಾರದ ಲಸಿಕೆಯ ಪಟ್ಟಿಯಲ್ಲಿ ಅದು ದೇಶದುದ್ದಕ್ಕೂ ಸೇರಿದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. ಬಾಣಂತಿತನಕ್ಕೆ ಬಂದ ಮಗಳ ವಿಷಯದಲ್ಲಿ ಅಜ್ಜಿಯರು ನೂರು ಶಾಸ್ತ್ರಗಳನ್ನು ನೆನಪಿಡುತ್ತಾರೆ. ಇದನ್ನು ನೂರೊಂದನೆಯದಾಗಿ ಸೇರಿಸಿಕೊಳ್ಳಿ ಎಂದು ನನ್ನ ಪ್ರಾರ್ಥನೆ.

ಎರಡನೆಯದು ಬೂಷ್ಟಿನ ವಿಚಾರ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತುಹೋದವು. ಅವಕ್ಕೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಸೇರಿತ್ತೆಂದು ತಿಳಿಯಿತು. 1974ರಲ್ಲಿ ಗುಜರಾತ್ ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ತೀರಿಕೊಂಡರು. ಅದರ ಕಾರಣವನ್ನು ಬಿಡಿಸಿ ಹೇಳಿದವರು ಈ ಊರಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು. ಈ ವಿಷ ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಸೇರಿದರೆ ಯಕೃತ್ತಿನ ಕ್ಯಾನ್ಸರನ್ನು ತರುತ್ತದೆ. ಹೆಪಟೈಟಿಸ್-ಬಿ ಜೊತೆಗಿದ್ದರೆ ಅಪಾಯ ಹಲವು ಪಟ್ಟು. ಅಡಿಗೆಯ ಕಾವಿಗೆ ಇದು ಸುಲಭವಾಗಿ ನಾಶವಾಗುವುದಿಲ್ಲ. ಊರಿನಿಂದ ಬಂದ ಕಡಲೆಕಾಯಿಯ ಚೀಲವನ್ನು ಅಕ್ಕರೆಯಿಂದ ಮೂಲೆಯಲ್ಲಿಟ್ಟು, ಮಳೆಗಾಲದಲ್ಲಿ ಬೂಷ್ಟು ಬಂದರೆ ಒರೆಸಿ ಹುರಿದು ಚಟ್ನಿಪುಡಿ ಮಾಡುವ ಪದ್ಧತಿ ನಮ್ಮವರಲ್ಲಿದೆ. ತವರಿನ ಕಾಯಾದರೂ ಬೂಷ್ಟು ಹಿಡಿದದ್ದನ್ನು ಎಸೆಯಬೇಕು.

ಕೊನೆಯದಾಗಿ ಇನ್ನೊಂದು ಮಾತು. ಹೆಪಟೈಟಿಸ್-ಬಿ ಇದೆಯೆಂದು ತಿಳಿದ ಕೂಡಲೇ ಬೇರೆ ತಟ್ಟೆ, ಬೇರೆ ಲೋಟ ಮಾಡುವ ಮನೆಗಳನ್ನು ಕಂಡಿದ್ದೇನೆ. ಕೂಡಿಬಂದ ಸಂಬಂಧಗಳು ಮುರಿದುದನ್ನೂ ಕೇಳಿದ್ದೇನೆ. ಈ ವೈರಸ್ಸು ಹರಡುವುದು ರಕ್ತದಿಂದ, ದಾಂಪತ್ಯದಿಂದ, ತಾಯಿಯಿಂದ ಹುಟ್ಟುವ ಕೂಸಿಗೆ, ಒಬ್ಬರ ಕ್ಷೌರದ ಅಲಗನ್ನು ಇನ್ನೊಬ್ಬರು ಬಳಸುವುದರಿಂದ. ಒಟ್ಟಿಗೆ ಕುಳಿತು ಉಣ್ಣುವುದರಿಂದ ಹರಡುವುದಿಲ್ಲ. ಸಂಗಾತಿಗೂ ಮಕ್ಕಳಿಗೂ ಲಸಿಕೆ ಹಾಕಿಸಿದರೆ ಭಯಕ್ಕೆ ಕಾರಣವೇ ಇರುವುದಿಲ್ಲ. ಜನರು ದೂರ ಮಾಡುತ್ತಾರೆಂಬ ಅಂಜಿಕೆಯಿಂದ ರೋಗವನ್ನು ಬಚ್ಚಿಟ್ಟವನು ಪರೀಕ್ಷೆಗೂ ಬರುವುದಿಲ್ಲ. ಅಂಥವನ ರಕ್ತ ಎಷ್ಟು ಸ್ಪಷ್ಟವಾಗಿ ಸಾಕ್ಷ್ಯ ನುಡಿದರೂ ಕೇಳುವವರು ಯಾರು? ನಮ್ಮ ಸಂಘಗಳು ನಾಟಕ, ಸಂಗೀತ, ಊಟಗಳ ಜೊತೆಗೆ ಇಂಥವರಿಗೆ ಧೈರ್ಯ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸವನ್ನೂ ಕೈಗೆತ್ತಿಕೊಂಡರೆ, ಪರವೂರಿನಲ್ಲಿ ಒಂದು ಭಾಷೆಯವರು ಒಟ್ಟುಗೂಡಿದ್ದಕ್ಕೆ ಸಾರ್ಥಕ.